ಕಾಲುವೆ ಬಾಯಿಯ ಗೋಡು

ನಮ್ಮ ಅಕ್ಕನ ಹೊಲಕ್ಕೆ ಆ ಮಣ್ಣು ಹೊಡೆಸಿದವನು ನಾನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಬರೆಯುತ್ತಾ ಹೋದರೆ ಎಲ್ಲೋ ಒಂದು ಕಡೆ ನುಣುಚಿಕೊಳ್ಳುವ ಸ್ವಭಾವ ನನ್ನದು.

ಕೋಲಾರದ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತೇನೆ. ವಯಸ್ಸು ಐವತ್ತು ದಾಟಿದೆ. ಕೂದಲು ಹೋದದ್ದು ಓದಿನಿಂದ ಎಂದು ವಿದ್ಯಾರ್ಥಿಗಳು ತಿಳಿದಿದ್ದಾರೆ, ಚಿಂತೆಯಿಂದ ಎಂದು ಹೆಂಡತಿಗೆ ಗೊತ್ತು. ಮನೆಗೆ ಬೀಗ ಹಾಕಿ ಬಸ್ ಸ್ಟ್ಯಾಂಡಿನವರೆಗೆ ಹೋಗಿ, ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ವಾಪಸು ಬರುತ್ತೇನೆ. ಬಸ್ಸಿನಲ್ಲಿ ಡ್ರೈವರ್ ಎಷ್ಟು ಸಲ ಆಕಳಿಸಿದ ಎಂದು ಎಣಿಸುತ್ತೇನೆ. ಬೆನ್ನಿನ ಮೇಲಿನ ಒಂದು ಮಚ್ಚೆ ಬೆಳೆಯುತ್ತಿದೆಯೇ ಎಂದು ನೋಡಲು ಎರಡು ಕನ್ನಡಿ ಇಟ್ಟುಕೊಂಡಿದ್ದೇನೆ. "ನಿಮಗೆ ಚಿಂತೆ ಮಾಡೋಕೆ ಏನೂ ಸಿಗಲಿಲ್ಲ ಅಂದ್ರೆ ಅದೇ ಒಂದು ಚಿಂತೆ" ಎನ್ನುತ್ತಾಳೆ ಹೆಂಡತಿ. ಇಷ್ಟೆಲ್ಲ ಮುಂಜಾಗ್ರತೆಯ ಮನುಷ್ಯನಿಗೆ ಯಾವ ದಿನ ನಿಜವಾಗಿ ಹೆದರಬೇಕಿತ್ತೋ ಆ ದಿನ ಮಾತ್ರ ಹೆದರಿಕೆಯಾಗಲಿಲ್ಲ.

ಅಕ್ಕನ ಊರು ಮುಳಬಾಗಿಲಿನಿಂದ ತಾಯಲೂರಿಗೆ ಹೋಗುವ ದಾರಿಯಲ್ಲಿ ಒಳಗೆ. ಮೇಲೆ ಮಳೆ ನಂಬಿದ ರಾಗಿ ಹೊಲ, ಕೆರೆಯ ಕೆಳಗೆ ಮುಕ್ಕಾಲು ಎಕರೆ ತರಿ, ಕೆರೆ ನೀರಿನ ಜಮೀನು. ಆ ತರಿಯಲ್ಲಿ ಅಕ್ಕ ವರ್ಷವಿಡೀ ಸೊಪ್ಪು ಹಾಕುತ್ತಿದ್ದಳು: ದಂಟು, ಪಾಲಕ್, ಸಬ್ಬಸಿಗೆ, ಮೆಂತ್ಯ. ಬೆಳಗಿನ ಜಾವಕ್ಕೇ ಕಿತ್ತು ಕಟ್ಟು ಕಟ್ಟಿ ಮುಳಬಾಗಿಲಿಗೆ, ಕೆಲವು ದಿನ ಶ್ರೀನಿವಾಸಪುರದ ಕಡೆಗೂ ಕಳಿಸುತ್ತಿದ್ದಳು. ಊರಿನಲ್ಲಿ ಸೊಪ್ಪಿನಕ್ಕ ಎಂದರೆ ಅವಳೇ.

ಬೇಸಿಗೆಯಲ್ಲಿ ಕೆರೆ ಒಣಗಿದಾಗ ಗೋಡು ಹೊಡೆಯುವುದು ಆ ಊರಿನ ಹಳೆಯ ಪದ್ಧತಿ. ಕೆರೆಯ ತಳದ ಕಪ್ಪು ಹೂಳು ಮಣ್ಣಿಗೆ ಅಲ್ಲಿ ಗೋಡು ಎನ್ನುತ್ತಾರೆ. ಒಂದು ಸಲ ಹೊಡೆದರೆ ಮೂರು ನಾಲ್ಕು ಬೆಳೆಗೆ ಬೇರೆ ಗೊಬ್ಬರ ಬೇಡ. ಎಲ್ಲಿಂದ ತೆಗೆಯಬೇಕು ಎಂಬುದಕ್ಕೂ ಒಂದು ಕ್ರಮವಿದೆ. ಏರಿಯ ಪಕ್ಕ, ತೂಬಿನ ಬಳಿ, ನೀರು ಕೊನೆಗೆ ಇಂಗುವ ಜಾಗದಲ್ಲಿ ತೆಗೆಯಬೇಕು. ಮನೆಗೊಂದು ಸರದಿ. ಟ್ರ್ಯಾಕ್ಟರಿಗೆ ತುಂಬುವ ಮೊದಲು ಮನೆಯ ಹಿರಿಯ ಒಂದು ಚಿಟಿಕೆ ಮಣ್ಣನ್ನು ನಾಲಿಗೆಯ ಮೇಲೆ ಇಟ್ಟು ನೋಡುತ್ತಾನೆ. ಉಪ್ಪು ಹತ್ತಿದರೆ ಚೌಳು, ಬಿಡು. ಬೇರೆ ಯಾವುದೇ ರುಚಿ ಹತ್ತಿದರೂ ಬಿಡು. ರುಚಿಯೇ ಇಲ್ಲದ ಮಣ್ಣು ಒಳ್ಳೆಯ ಮಣ್ಣು.

ಆ ಬೇಸಿಗೆಯಲ್ಲಿ ನಾನು ರಜೆಗೆ ಹೋಗಿದ್ದೆ. ಭಾವನ ಸರದಿ ಬಂದ ದಿನ ತೂಬಿನ ಬಳಿ ಟ್ರ್ಯಾಕ್ಟರುಗಳ ಸಾಲು. ಹಿಂದಿನ ದಿನದವರದೇ ಮುಗಿದಿರಲಿಲ್ಲ. ನಾನು ಟೋಪಿ ಹಾಕಿಕೊಂಡು, ಬಿಸಿಲಿಗೆ ಚರ್ಮ ಸುಟ್ಟೀತೆಂದು ತೋಳಿಗೆ ಟವೆಲ್ ಸುತ್ತಿಕೊಂಡು, ಕೆರೆಯಂಗಳದಲ್ಲಿ ಸುಮ್ಮನೆ ಓಡಾಡುತ್ತಿದ್ದವನು ಆಚೆ ಬದಿಗೆ ಹೋದೆ. ಮೇಲಿನಿಂದ ನೀರು ತರುವ ಕಾಲುವೆ ಕೆರೆಗೆ ಬಂದು ಬೀಳುವ ಬಾಯಿ ಅದು. ಅಲ್ಲಿಯ ಮಣ್ಣು ಕಾಡಿಗೆಯ ಹಾಗೆ ಕಪ್ಪಗೆ, ಬೆರಳಿಗೆ ಬೆಣ್ಣೆಯ ಹಾಗೆ ನುಣ್ಣಗೆ. ಟ್ರ್ಯಾಕ್ಟರ್ ತಿರುಗಿಸಲು ಜಾಗವೂ ಬೇಕಾದಷ್ಟು. ಭಾವನನ್ನು ಕರೆದೆ.

ಭಾವ ಬಂದ, ಕೂತ, ಒಂದು ಚಿಟಿಕೆ ನಾಲಿಗೆಗೆ ಹಚ್ಚಿಕೊಂಡ, ಉಗಿದ.

"ಸ್ವಲ್ಪ ಹುಳಿ ಐತೆ ಮೇಷ್ಟ್ರೇ."

"ಹುಳಿ ಇದ್ರೆ ಒಳ್ಳೇದು ಭಾವ. ಎಲೆ ಕೊಳೆತು ಆಮ್ಲ ಆಗಿರುತ್ತೆ. ಬಣ್ಣ ನೋಡಿ. ಇದರಲ್ಲಿರೋ ಸತ್ವ ಆ ತೂಬಿನ ಹತ್ರ ಎಲ್ಲಿಂದ ಬರ್ಬೇಕು?"

"ನಮ್ಮಪ್ಪ ಹುಳಿ ಇದ್ರೆ ಮುಟ್ತಿರ್ಲಿಲ್ಲ."

"ನಿಮ್ಮಪ್ಪಂಗೆ ಪಿಎಚ್ ಪೇಪರ್ ಇರ್ಲಿಲ್ಲ."

ನನ್ನ ಬಳಿಯೂ ಇರಲಿಲ್ಲ, ಕೋಲಾರದ ಲ್ಯಾಬಿನ ಬೀರುವಿನಲ್ಲಿತ್ತು. ಆದರೆ ಓದಿದವನ ಮಾತು. ಭಾವ ಇನ್ನೊಮ್ಮೆ ಉಗಿದು, ಎದ್ದು, ಟ್ರ್ಯಾಕ್ಟರಿನವನಿಗೆ ಕೈ ಬೀಸಿದ. ಎರಡು ದಿನ ಹೊಡೆಸಿದೆವು. ಊರಿನಲ್ಲಿ ಬೇರೆ ಯಾರೂ ಆ ಬಾಯಿಯಿಂದ ಒಂದು ಬುಟ್ಟಿ ತೆಗೆಯಲಿಲ್ಲ.

ಆ ಕಾಲುವೆಯ ಮೇಲ್ಭಾಗದಲ್ಲಿ ಕೆಲವು ವರ್ಷ ಒಂದು ತಗಡಿನ ಶೆಡ್ ಇತ್ತು. ಹಳೆಯ ಬ್ಯಾಟರಿ ಒಡೆದು ಒಳಗಿನದನ್ನು ಕರಗಿಸುತ್ತಿದ್ದರು. ಲಾರಿಯ ಬ್ಯಾಟರಿ, ಎಮರ್ಜೆನ್ಸಿ ಲೈಟಿನದು, ಕೈಗೆ ಸಿಕ್ಕಿದ್ದೆಲ್ಲ. ಯಾರೋ ಹೊರಗಿನವರು ಬಂದು ನಡೆಸಿದರು, ಯಾರೂ ಕೇಳದೆ ಇದ್ದಾಗಲೇ ಮುಚ್ಚಿಕೊಂಡು ಹೋದರು. ನನಗೆ ಅದು ಗೊತ್ತಿತ್ತು. ಬಸ್ಸಿನಲ್ಲಿ ಆ ದಾರಿಯಲ್ಲಿ ಹೋಗುವಾಗ ಕಿಟಕಿ ಮುಚ್ಚಿ, ಕರ್ಚೀಫಿನಿಂದ ಮೂಗು ಮುಚ್ಚಿಕೊಂಡು, ನನ್ನ ಶ್ವಾಸಕೋಶವನ್ನು ಕಾಪಾಡಿಕೊಂಡವನು ನಾನು. ಮೂಗಿಗೆ ಬಂದ ಹೊಗೆ ನೆನಪಿತ್ತು. ಶೆಡ್ಡಿನಿಂದ ಹೊರಬಿದ್ದ ನೀರು ಎಲ್ಲಿಗೆ ಹರಿದಿರಬಹುದು ಎಂಬುದು ಹೊಳೆಯಲಿಲ್ಲ.

ಮಳೆ ಬಂತು, ಸೊಪ್ಪು ಬಂತು. ಎಂಥ ಸೊಪ್ಪು ಎಂದರೆ, ದಂಟಿನ ಎಲೆ ನನ್ನ ಅಂಗೈಯಷ್ಟಗಲ. ಪಾಲಕ್ ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು. ಒಂದು ಎಲೆಗೂ ಹುಳುವಿನ ತೂತಿಲ್ಲ. ಅಕ್ಕ ಫೋನ್ ಮಾಡಿ, "ನಿನ್ನ ಮಣ್ಣು ಚೆನ್ನಾಗೈತೆ ಕಣೋ" ಎಂದಳು. ನನ್ನ ಮಣ್ಣು. ಜೀವಮಾನದಲ್ಲಿ ಮೊದಲ ಸಲ ನನ್ನ ಓದು ಯಾರ ಹೊಲಕ್ಕಾದರೂ ಉಪಯೋಗಕ್ಕೆ ಬಂತಲ್ಲ ಎಂದು ಹಿಗ್ಗಿದೆ. ಫೋಟೋ ತೆಗೆದು ಕ್ಲಾಸಿನಲ್ಲಿ ತೋರಿಸಿದೆ. ಹದಿನೈದು ದಿನಕ್ಕೊಮ್ಮೆ ಊರಿಗೆ ಹೋದಾಗ ಎರಡು ಚೀಲ ಹೊತ್ತು ತಂದು, ಒಂದನ್ನು ಹೆಂಡತಿಗೆ ಕೊಟ್ಟು, ಇನ್ನೊಂದನ್ನು ಸ್ಟಾಫ್ ರೂಮಿನಲ್ಲಿ ತಲೆಗೊಂದು ಕಟ್ಟು ಹಂಚಿದೆ. ಕೆಮಿಸ್ಟ್ರಿಯ ಸಹೋದ್ಯೋಗಿಗೆ ಸಬ್ಬಸಿಗೆ ಇಷ್ಟವೆಂದು ಅವರಿಗೆ ಎರಡು ಕಟ್ಟು.

ಇಲ್ಲಿ ನನ್ನ ಪಾಠದ ವಿಷಯ ಸ್ವಲ್ಪ ಹೇಳಬೇಕು. ಹರೆಯದಲ್ಲಿ ನಾನು ಸಂಶೋಧನೆ ಮಾಡಲು ಹೊರಟಿದ್ದೆ. ಸಾಸಿವೆಯ ಸಸಿಗಳನ್ನು ಕ್ಯಾಡ್ಮಿಯಂ ಬೆರೆಸಿದ ನೀರಿನಲ್ಲಿ ಬೆಳೆಸಿ, ಅವು ಹೇಗೆ ತಡೆದುಕೊಳ್ಳುತ್ತವೆ ಎಂದು ನೋಡುವುದು. ಅದು ಅರ್ಧಕ್ಕೇ ನಿಂತಿತು. ಆ ನೀರನ್ನು ಮುಟ್ಟುವಾಗ ಎರಡು ಜೊತೆ ಗ್ಲೌಸ್ ಹಾಕಿಕೊಳ್ಳುತ್ತಿದ್ದ ನನ್ನಿಂದ ಕೆಲಸ ಸಾಗುತ್ತಿಲ್ಲ ಎಂದು ಗೈಡ್ ಬೇಸರಪಟ್ಟುಕೊಂಡಿದ್ದೂ ಒಂದು ಕಾರಣ. ಆದರೆ ಅಲ್ಲಿ ಕಲಿತದ್ದನ್ನು ಪ್ರತಿ ವರ್ಷ ಭಾವುಕನಾಗಿ ಪಾಠ ಮಾಡುತ್ತೇನೆ. ಗಿಡಕ್ಕೆ ಕಾಲಿಲ್ಲ, ವಿಷವಿರುವ ಮಣ್ಣು ಬಿಟ್ಟು ಓಡಿಹೋಗಲಾರದು. ಲೋಹ ಬೇರಿನೊಳಗೆ ನುಗ್ಗಿದಾಗ ಜೀವಕೋಶ ಕೈಕಟ್ಟಿ ಕೂರುವುದಿಲ್ಲ. ಮೆಟಲೊಥಿಯೊನಿನ್ ಎಂಬ ಪುಟ್ಟ ಪ್ರೋಟೀನುಗಳನ್ನು ತಯಾರಿಸುತ್ತದೆ. ಗಂಧಕ ತುಂಬಿದ ಅವು ಲೋಹವನ್ನು ಇಕ್ಕಳದ ಹಾಗೆ ಹಿಡಿದುಕೊಳ್ಳುತ್ತವೆ. ಇನ್ನೊಂದು ಪ್ರೋಟೀನು ಚಿಕ್ಕ ಚಿಕ್ಕ ತುಣುಕು ಜೋಡಿಸಿ ಫೈಟೊಕೆಲಾಟಿನ್ ಎಂಬ ಸರಪಳಿ ಹೆಣೆಯುತ್ತದೆ. ಅದೂ ಲೋಹವನ್ನು ಸುತ್ತಿಕೊಳ್ಳುತ್ತದೆ. ಕೋಶದ ಪೊರೆಯಲ್ಲಿ ನಿಂತ ಮತ್ತೆ ಕೆಲವು ಪ್ರೋಟೀನುಗಳು ಈ ಗಂಟನ್ನು ಎತ್ತಿ, ಕೋಶದ ನಡುವೆ ಇರುವ ರಸದಾನಿ ಎಂಬ ಚೀಲದೊಳಕ್ಕೆ ತಳ್ಳಿ ಬಾಗಿಲು ಹಾಕುತ್ತವೆ. ಲೋಹದ ಹೊಡೆತಕ್ಕೆ ಸೊಟ್ಟಗಾದ ಪ್ರೋಟೀನುಗಳನ್ನು ನೆಟ್ಟಗೆ ಮಾಡಲು ಇನ್ನೊಂದು ತಂಡವಿದೆ. ಹೊರಗಿನಿಂದ ನೋಡಿದರೆ ಗಿಡ ಹಸಿರಾಗಿ, ಆರಾಮವಾಗಿ ನಿಂತಿರುತ್ತದೆ.

"ಇದನ್ನು ನೋಡಿ ನಾವು ಕಲಿಯಬೇಕು" ಎಂದು ಮುಗಿಸುತ್ತಿದ್ದೆ. ಹಿಂದಿನ ಬೆಂಚಿನಿಂದ ಒಬ್ಬಳು, "ಸಾರ್, ಇದು ಎಷ್ಟು ಮಾರ್ಕ್ಸಿಗೆ ಬರುತ್ತೆ?" ಎಂದು ಕೇಳುತ್ತಿದ್ದಳು. ಪ್ರತಿ ವರ್ಷ ಬೇರೆ ಹುಡುಗಿ, ಅದೇ ಪ್ರಶ್ನೆ.

ಮುಂದಿನ ವರ್ಷ ವಿದ್ಯಾರ್ಥಿಗಳ ಪ್ರಾಜೆಕ್ಟಿಗೆ ಸುತ್ತಮುತ್ತಲಿನ ಮಣ್ಣಿನಲ್ಲಿ ಎಷ್ಟು ಲೋಹವಿದೆ ಎಂದು ನೋಡುವ ವಿಷಯ ಕೊಟ್ಟೆ. ಮಾಲೂರು ಕಡೆಯ ರಸ್ತೆ ಬದಿಯ ಮಣ್ಣು, ಕೋಲಾರದ ಕಸದ ಗುಂಡಿಯ ಪಕ್ಕದ ಮಣ್ಣು, ಹೀಗೆ ಅನುಮಾನದ ಜಾಗಗಳಿಂದ ಮಾದರಿ ತಂದರು. ಹೋಲಿಸಿ ನೋಡಲು ಒಂದು ಶುದ್ಧ ಮಣ್ಣು ಬೇಕಲ್ಲ, ಅದನ್ನು ನಾನೇ ತಂದೆ. ಅಕ್ಕನ ತರಿಯಿಂದ. ಡಬ್ಬಿಯ ಮೇಲೆ ನನ್ನ ಕೈಯಾರೆ "ಶುದ್ಧ" ಎಂದು ಬರೆದೆ.

ಬೆಂಗಳೂರಿನ ಲ್ಯಾಬಿನಿಂದ ಹಾಳೆ ಬಂದ ದಿನ ಕೆಮಿಸ್ಟ್ರಿಯವರು ಅದನ್ನು ಹಿಡಿದುಕೊಂಡು ಸ್ಟಾಫ್ ರೂಮಿಗೆ ಬಂದರು. ಬಾಗಿಲು ಹಾಕಿ ಕೂತರು.

"ಸಾರ್, ಡಬ್ಬಿ ಅದಲು ಬದಲು ಆಗಿದೆಯಾ?"

"ಯಾಕೆ?"

"ಸೀಸ, ಕ್ಯಾಡ್ಮಿಯಂ ಎರಡೂ, ಕಸದ ಗುಂಡಿಗಿಂತ ನಿಮ್ಮ ಶುದ್ಧದ್ರಲ್ಲೇ ಜಾಸ್ತಿ ಇದೆ."

ಹಾಳೆ ನೋಡಿದೆ. ಅದಲು ಬದಲಾಗಿರಲಿಲ್ಲ. ಕಾಲುವೆ, ಶೆಡ್ಡು, ಭಾವ ಉಗಿದದ್ದು ಎಲ್ಲ ಒಟ್ಟಿಗೆ ನೆನಪಾಯಿತು. ಹುಳಿಯಿದ್ದದ್ದು ಎಲೆ ಕೊಳೆತು ಅಲ್ಲ, ಬ್ಯಾಟರಿಯ ಆಸಿಡ್. ಮಣ್ಣು ಹುಳಿಯಾದಷ್ಟೂ ಲೋಹ ಕರಗಿ ಬೇರಿಗೆ ಸುಲಭವಾಗಿ ಸಿಗುತ್ತದೆ ಎಂಬುದನ್ನೂ ನಾನೇ ಪಾಠ ಮಾಡುತ್ತೇನೆ, ಪ್ರೋಟೀನಿನ ಪಾಠದ ಹಿಂದಿನ ವಾರ.

"ಅಂದ್ರೆ ಆ ಸಬ್ಬಸಿಗೆ..." ಎಂದರು ಅವರು.

"ಅದೇ ಹೊಲದ್ದು."

ಅವರು ಸ್ವಲ್ಪ ಹೊತ್ತು ತಮ್ಮ ಸೊಂಟದ ಮೇಲೆ, ಮೂತ್ರಪಿಂಡ ಇರುವ ಜಾಗದಲ್ಲಿ, ಕೈ ಇಟ್ಟುಕೊಂಡು ಕೂತಿದ್ದರು. ಆಮೇಲೆ, "ನಿಮ್ಮ ಅಕ್ಕಂಗೆ ಇವತ್ತೇ ಹೇಳಿ ಸಾರ್" ಎಂದರು.

ನಾನು ಹೇಳಲಿಲ್ಲ.

ಅಕ್ಕನ ಮಗಳು ಮೊದಲ ಹೆರಿಗೆಗೆಂದು ಮಾಲೂರಿನ ಅತ್ತೆ ಮನೆಯಿಂದ ಬಂದಿದ್ದಳು. ಏಳನೇ ತಿಂಗಳು. ಡಾಕ್ಟರು ಪರೀಕ್ಷೆ ಮಾಡಿ, ರಕ್ತ ಕಮ್ಮಿ ಇದೆ, ಸೊಪ್ಪು ಚೆನ್ನಾಗಿ ತಿನ್ನಿಸಿ ಎಂದಿದ್ದರು. ಸೊಪ್ಪಿನಕ್ಕನಿಗೆ ಇದಕ್ಕಿಂತ ಸಂತೋಷದ ಔಷಧಿ ಚೀಟಿ ಯಾರು ಕೊಟ್ಟಾರು? ಬೆಳಗ್ಗೆ ಸಬ್ಬಸಿಗೆ ಹಾಕಿದ ಅಕ್ಕಿರೊಟ್ಟಿ, ಮಧ್ಯಾಹ್ನ ಮುದ್ದೆಗೆ ಮಸ್ಸೊಪ್ಪು, ಸಂಜೆ ಪಲ್ಯ. ಮಾರುವುದಕ್ಕೆ ಕಟ್ಟುವ ಮೊದಲು ಎಳೆಯ ಕುಡಿಗಳನ್ನೆಲ್ಲ ಮಗಳಿಗೆಂದು ಆರಿಸಿ ತೆಗೆದಿಡುತ್ತಿದ್ದಳು.

ರಕ್ತ ಕಮ್ಮಿ ಇರುವುದೇ ಇಲ್ಲಿ ಹೆಚ್ಚು ಕೆಟ್ಟದ್ದು. ದೇಹಕ್ಕೆ ಕಬ್ಬಿಣ ಸಾಲದಾದಾಗ ಕರುಳು ಕಬ್ಬಿಣಕ್ಕೆಂದು ಬಾಗಿಲುಗಳನ್ನು ಅಗಲವಾಗಿ ತೆರೆದು ಕಾಯುತ್ತದೆ. ಆ ಬಾಗಿಲಿಗೆ ಕಬ್ಬಿಣ ಯಾವುದು, ಕ್ಯಾಡ್ಮಿಯಂ ಯಾವುದು, ಸೀಸ ಯಾವುದು ಎಂದು ಸರಿಯಾಗಿ ತಿಳಿಯುವುದಿಲ್ಲ. ಕ್ಯಾಡ್ಮಿಯಂ ಹಿಡಿಯಲು ನಮ್ಮಲ್ಲೂ ಗಿಡದ್ದೇ ಜಾತಿಯ ಪ್ರೋಟೀನುಗಳಿವೆ. ಅವೂ ಪ್ರಾಮಾಣಿಕವಾಗಿ ಹಿಡಿದು ಕಟ್ಟುತ್ತವೆ. ಕಟ್ಟಿದ್ದನ್ನು ಮೂತ್ರಪಿಂಡಕ್ಕೆ ಒಯ್ದು ಇಡುತ್ತವೆ. ಅಲ್ಲಿಂದ ಅದು ಹೊರಡಲು ಒಂದು ಆಯುಷ್ಯ ಸಾಲದು. ಸೀಸವೋ, ತಾಯಿಯ ರಕ್ತದಿಂದ ನೇರವಾಗಿ ಮಗುವಿನ ರಕ್ತಕ್ಕೆ ದಾಟುತ್ತದೆ. ಅದಕ್ಕೆ ಬೇಕಾದದ್ದು ಮಗುವಿನ ಬೆಳೆಯುವ ಮಿದುಳು.

ಇದೆಲ್ಲ ಗೊತ್ತಿದ್ದವನು ಮಾಡಿದ್ದೇನೆಂದರೆ, ಇನ್ನೊಂದು ಸಲ ಪರೀಕ್ಷೆ ಮಾಡಿಸೋಣ ಎಂದುಕೊಂಡದ್ದು. ಒಂದು ಪರೀಕ್ಷೆಯನ್ನು ನಂಬಿ ಹೆದರಿಸಬಾರದು, ಬಸುರಿ ಹೆಂಗಸು, ತಪ್ಪಿರಬಹುದು. ಕಾರಣಗಳಿಗೆ ನನ್ನಲ್ಲಿ ಕೊರತೆಯಿಲ್ಲ. ಊರಿಗೆ ಹೋಗಿ ಅಕ್ಕನಿಗೆ ಏನೋ ಸುಳ್ಳು ಹೇಳಿ ಮಣ್ಣೂ ಬೇರುಸಹಿತ ಸೊಪ್ಪಿನ ಗಿಡವೂ ತಂದು ಕಳಿಸಿದೆ. ಉತ್ತರ ಬರಲು ಮೂರು ವಾರ ಹಿಡಿಯಿತು. ಆ ಮೂರು ವಾರ ದಿನವೂ ಅಕ್ಕನಿಗೆ ಫೋನ್ ಮಾಡಿದೆ.

"ಊಟ ಆಯ್ತಾ ಅಕ್ಕ?"

"ಆಯ್ತು ಕಣೋ."

"ಏನ್ ಸಾರು?"

"ಪಾಲಕ್ ಬಸ್ಸಾರು. ಇವ್ಳು ಎರಡು ಸಲ ಹಾಕ್ಸ್ಕೊಂಡ್ಳು."

"ಬದಲಾಯಿಸಿ ಮಾಡು ಅಕ್ಕ. ಹುರುಳಿ, ಬೇಳೆ..."

"ಏಮಿರಾ, ದಿನಾ ಏನ್ ಸಾರು ಏನ್ ಸಾರು ಅಂತೀಯ. ನಿನ್ ಹೆಂಡ್ತಿ ಊಟ ಹಾಕ್ತಿಲ್ವಾ?"

ನಗುತ್ತಿದ್ದಳು. ನಾನೂ ನಕ್ಕು ಫೋನ್ ಇಡುತ್ತಿದ್ದೆ. ಹೆಂಡತಿಗೆ ಮಾತ್ರ ಎಲ್ಲ ಹೇಳಿದ್ದೆ. ನಮ್ಮ ಮನೆಯಲ್ಲಿ ಆ ಸೊಪ್ಪು ಮೊದಲ ದಿನವೇ ನಿಂತಿತ್ತು. ಈ ಮಾತನ್ನು ಬರೆಯಲೋ ಬೇಡವೋ ಎಂದು ಬಹಳ ಯೋಚಿಸಿದೆ.

ಎರಡನೆಯ ಹಾಳೆಯೂ ಅದನ್ನೇ ಹೇಳಿತು. ಸೀಸ ಹೆಚ್ಚಾಗಿ ಬೇರಿನಲ್ಲಿ ಮತ್ತು ಎಲೆಗಂಟಿದ ಧೂಳಿನಲ್ಲಿ, ಕ್ಯಾಡ್ಮಿಯಂ ಎಲೆಯ ಒಳಗೇ. ಎರಡೂ ತಿನ್ನಬಹುದಾದ ಮಿತಿಯ ಆಚೆ. ಭಾನುವಾರ ಮೊದಲ ಬಸ್ಸಿಗೆ ಹೊರಟೆ. ಡ್ರೈವರ್ ಆಕಳಿಸಿದನೋ ಇಲ್ಲವೋ ನೋಡಲಿಲ್ಲ.

ಅಕ್ಕನ ಮಗಳು ಜಗಲಿಯ ಮೇಲೆ ಕಾಲು ಚಾಚಿ ಕೂತು, ಮೊರದಲ್ಲಿ ದಂಟಿನ ಸೊಪ್ಪು ಬಿಡಿಸುತ್ತಿದ್ದಳು. "ಬನ್ನಿ ಮಾಮ" ಎಂದು ಸರಿದು ಜಾಗ ಕೊಟ್ಟಳು. ಅಕ್ಕ ಒಳಗಿನಿಂದ ನೀರು ತಂದಳು. ಭಾವ ಹಸುವಿಗೆ ಹುಲ್ಲು ಹಾಕುತ್ತಿದ್ದವನು ಕೈ ಒರೆಸಿಕೊಂಡು ಬಂದ. ಕೂತು ಹೇಳಿದೆ. ಮಣ್ಣು, ಶೆಡ್ಡು, ಸೀಸ, ಎಲ್ಲವನ್ನೂ. ಹೇಳುವಾಗ ನನ್ನ ಪಾಠದ ಅಭ್ಯಾಸ ಬಿಡಲಿಲ್ಲ.

"ಸೊಪ್ಪು ಇಷ್ಟು ಚೆನ್ನಾಗೈತಲ್ಲೋ" ಎಂದಳು ಅಕ್ಕ. "ವಿಷ ಇದ್ರೆ ಗಿಡ ಒಣಗ್ಬೇಕು ತಾನೇ?"

"ಅದಕ್ಕೊಂದು ಉಪಾಯ ಗೊತ್ತಿದೆ ಅಕ್ಕ. ಅದರೊಳಗೆ ಪ್ರೋಟೀನು ಅಂತ ಇರುತ್ತೆ. ಅದು ವಿಷಾನ ಹಿಡಿದು ಗಂಟು ಕಟ್ಟಿ, ಅಟ್ಟದ ಮೇಲೆ ಹಾಕ್ದಂಗೆ ಒಂದು ಕಡೆ ಇಟ್ಬಿಡುತ್ತೆ. ಗಿಡಕ್ಕೆ ತೊಂದ್ರೆ ಆಗಲ್ಲ."

ಅಕ್ಕ ಮೊರದ ಕಡೆ ನೋಡಿದಳು.

"ಅಟ್ಟದ ಮೇಲಿದ್ರೆ ಮನೇಲೇ ಐತಲ್ಲೋ. ನಾವು ಅಟ್ಟ ಸೇರ್ಸೇ ತಿಂತಾ ಇದ್ದೀವಿ."

ಮೂವತ್ತು ವರ್ಷ ಈ ಪಾಠ ಮಾಡಿದ ನಾನು, ಯಾವ ವಿದ್ಯಾರ್ಥಿಯ ಬಾಯಲ್ಲೂ ಈ ಮಾತು ಕೇಳಿರಲಿಲ್ಲ. ನನಗೂ ಹೊಳೆದಿರಲಿಲ್ಲ. ಗಿಡದ ಕಡೆಯಿಂದಲೇ ನೋಡುತ್ತಾ ಬಂದಿದ್ದೆ. ಅದು ಬದುಕಿತು ಎಂದು ಚಪ್ಪಾಳೆ ತಟ್ಟಿ ಪಾಠ ಮುಗಿಸುತ್ತಿದ್ದೆ. ಒಣಗಿ ಸತ್ತಿದ್ದರೆ ಎಲ್ಲರಿಗೂ ಅಂದೇ ಗೊತ್ತಾಗುತ್ತಿತ್ತು.

ಮಗಳು ಮೊರವನ್ನು ಮೆಲ್ಲಗೆ ಕೆಳಗಿಟ್ಟು ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಒರೆಸಿದ ಮೇಲೆ ಸೆರಗನ್ನೂ ನೋಡಿಕೊಂಡಳು. "ಮಗೂಗೆ ಏನಾಗುತ್ತೆ ಮಾಮ?" ಎಂದಳು.

"ಏನೂ ಆಗದೇ ಇರ್ಬಹುದು. ರಕ್ತ ಟೆಸ್ಟ್ ಮಾಡಿಸೋಣ. ಇವತ್ತಿನಿಂದ ಇದನ್ನ ನಿಲ್ಲಿಸ್ಬೇಕು."

"ಇವತ್ತಿನಿಂದ" ಎಂದಳು ಅಕ್ಕ. ನನ್ನ ಮುಖವನ್ನೇ ನೋಡುತ್ತಿದ್ದಳು. "ನಿಂಗೆ ಯಾವತ್ತು ಗೊತ್ತಾಯ್ತು?"

"ಇನ್ನೊಂದು ಸಲ ಖಾತ್ರಿ ಮಾಡ್ಕೊಂಡು..."

"ಯಾವತ್ತು ಗೊತ್ತಾಯ್ತು ಅಂತ ಕೇಳ್ದೆ."

"ಮೂರು ವಾರ ಆಯ್ತು."

ಅಕ್ಕ ಬೈಯಲಿಲ್ಲ. ಬೈಯುತ್ತಾಳೆಂದು ನಾನು ಬಸ್ಸಿನಲ್ಲೇ ಸಿದ್ಧನಾಗಿ ಬಂದಿದ್ದೆ. "ಏನ್ ಸಾರು ಅಂತ ಕೇಳ್ತಿದ್ದಿದ್ದು ಇದಕ್ಕಾ" ಎಂದಳು ಅಷ್ಟೆ. ಒಳಗೆ ಹೋಗಿ ಒಲೆಯ ಮೇಲಿನ ಪಾತ್ರೆ ಇಳಿಸಿದ ಸದ್ದು ಕೇಳಿಸಿತು.

ಭಾವ ಮೊರ ಎತ್ತಿಕೊಂಡು ರೂಢಿಯಂತೆ ಹಸುವಿನ ಕಡೆ ಹೋದವನು ಅರ್ಧ ದಾರಿಯಲ್ಲಿ ನಿಂತ.

"ಇದಕ್ಕೆ ಹಾಕಿದ್ರೆ ಹಾಲಿಗೆ ಬರುತ್ತಾ ಮೇಷ್ಟ್ರೇ?"

"ಸ್ವಲ್ಪ ಬರ್ಬಹುದು ಭಾವ. ಹಾಕ್ಬೇಡಿ."

"ತಿಪ್ಪೆಗೆ?"

"ತಿಪ್ಪೆ ಮತ್ತೆ ಹೊಲಕ್ಕೇ ಹೋಗುತ್ತಲ್ಲ."

"ಸುಡ್ಲಾ?"

"ಬೂದೀಲಿ ಉಳಿಯುತ್ತೆ. ಹೊಗೇಲೂ ಹೋಗುತ್ತೆ."

"ಊರಿಕೆ, ಸುಮ್ನೆ ಕೈಯಲ್ಲೇ ಹಿಡ್ಕೊಂಡು ನಿಂತಿರ್ಲಾ ಹಂಗಾದ್ರೆ?"

ಅವನ ಮಾತಿನಲ್ಲಿ ತಮಾಷೆ ಎಷ್ಟು, ಸಿಟ್ಟು ಎಷ್ಟು ಎಂದು ನನಗೆ ಅಳೆಯಲಾಗಲಿಲ್ಲ. ಕೊನೆಗೆ ಒಂದು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಗೋಡೆಯ ಪಕ್ಕ ಇಟ್ಟ. ಆ ಚೀಲವನ್ನು ಆಮೇಲೆ ಏನು ಮಾಡಿದನೋ ಕೇಳಲು ಧೈರ್ಯ ಬರಲಿಲ್ಲ.

ಸೀಸದ ರಕ್ತ ಪರೀಕ್ಷೆಗೆ ಮುಳಬಾಗಿಲಿನಲ್ಲೂ ಕೋಲಾರದಲ್ಲೂ ನಾವು ಹೋದ ಕಡೆ ಆಗಲಿಲ್ಲ. ಮಾದರಿ ತೆಗೆದು ಬೆಂಗಳೂರಿಗೆ ಕಳಿಸಿದರು. ಬಂದ ಉತ್ತರವನ್ನು ಡಾಕ್ಟರು ಎರಡು ಸಲ ಓದಿದರು. ಇರಬಾರದಷ್ಟಿದೆ, ಆದರೆ ಔಷಧಿ ಕೊಟ್ಟು ತೆಗೆಯುವಷ್ಟಿಲ್ಲ ಎಂದರು. ಬಸುರಿನಲ್ಲಿ ಆ ಔಷಧಿಗೂ ಅದರದೇ ಅಪಾಯವಿದೆಯಂತೆ. ಆ ಸೊಪ್ಪು ಬಿಡಿ, ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ತಪ್ಪಿಸಬೇಡಿ, ಕಾಯೋಣ ಎಂದರು. ಮೂರು ವಾರ ಮೊದಲೇ ಬಿಟ್ಟಿದ್ದರೆ ವ್ಯತ್ಯಾಸವಾಗುತ್ತಿತ್ತೇ ಎಂದು ನಾನು ಕೇಳಿದೆ. ಅದನ್ನು ಹೇಗೆ ಹೇಳಲಿ ಎಂದರು. ಹೆದರುವವನಿಗೆ ಇದಕ್ಕಿಂತ ಕೆಟ್ಟ ಉತ್ತರವಿಲ್ಲ. ಆಗುತ್ತಿತ್ತು ಎಂದಿದ್ದರೆ ಒಂದು ಶಿಕ್ಷೆಯಾದರೂ ಸಿಗುತ್ತಿತ್ತು.

ಸೊಪ್ಪನ್ನು ಸಂತೆಗೆ ಕಳಿಸುವುದನ್ನೂ ಅಕ್ಕ ಆ ಭಾನುವಾರವೇ ನಿಲ್ಲಿಸಿದ್ದಳು. ಹೊಲಕ್ಕೆ ಏನು ಮಾಡಬಹುದು ಎಂದು ಆ ತಿಂಗಳುಗಳಲ್ಲಿ ನಾನು ಹುಚ್ಚನಂತೆ ಓದಿದೆ. ಸುಣ್ಣ ಹಾಕಿದರೆ ಹುಳಿ ಇಳಿದು ಲೋಹ ಬೇರಿಗೆ ಸಿಗುವುದು ಕಡಿಮೆಯಾಗುತ್ತದೆ, ಆದರೆ ಮಣ್ಣಿನಲ್ಲೇ ಇರುತ್ತದೆ. ಮೇಲಿನ ಮಣ್ಣನ್ನೆಲ್ಲ ಕೆರೆದು ತೆಗೆಯಬಹುದು ಎಂದಾಗ ಭಾವ, "ತೆಗೆದು ಎಲ್ಲಿಗೆ ಹೊಡಿಯೋಣ ಮೇಷ್ಟ್ರೇ, ನಿಮ್ಮ ಕಾಲೇಜಿಗಾ?" ಎಂದ. ಹಾಕಲು ಜಾಗವಿಲ್ಲ ಎಂಬುದು ನಿಜ. ಯಾರ ಹೊಲಕ್ಕೆ ಹಾಕಿದರೂ ಅದು ಇನ್ನೊಬ್ಬ ಅಕ್ಕನ ಹೊಲ. ಕೊನೆಗೆ ನನ್ನ ಹಳೆಯ ಸಾಸಿವೆಯನ್ನು ನೆನೆಸಿಕೊಂಡೆ. ಸಾಸಿವೆಯ ಪ್ರೋಟೀನುಗಳು ಲೋಹ ಹಿಡಿಯುವುದರಲ್ಲಿ ಗಟ್ಟಿಗರು. ಬಿತ್ತಿ, ಬೆಳೆಸಿ, ಬೇರುಸಹಿತ ಕಿತ್ತರೆ ಪ್ರತಿ ಬೆಳೆಗೂ ಸ್ವಲ್ಪ ಸ್ವಲ್ಪ ಮಣ್ಣು ಹಗುರಾಗುತ್ತದೆ. ಅಕ್ಕನಿಗೆ ಹೇಳಿದೆ.

"ಎಷ್ಟು ಬೆಳೆ ತೆಗೀಬೇಕು?"

"ತುಂಬಾ."

"ತುಂಬಾ ಅಂದ್ರೆ, ನಾನಿರ್ತೀನಾ?"

ನಾನು ಬೀಜ ಎಲ್ಲಿ ಸಿಗುತ್ತದೆ ಎಂದು ಹೇಳಲು ಹೊರಟೆ.

"ಇವ್ಳು ಇರ್ತಾಳಾ?" ಎಂದಳು, ಮಗಳ ಕಡೆ ತಲೆಯಾಡಿಸಿ.

"ಲೆಕ್ಕ ಹಾಕಿಲ್ಲ ಅಕ್ಕ" ಎಂದೆ. ಹಾಕಿದ್ದೆ.

ಆದರೂ ಒಂದು ಸಲ ಸಾಸಿವೆ ಬಿತ್ತಿದಳು, ನನ್ನ ಮಾತಿಗೆ. ತರಿ ತುಂಬ ಹಳದಿ ಹೂವಾಯಿತು. ರಸ್ತೆಯಲ್ಲಿ ಹೋಗುವವರು ಬೈಕ್ ನಿಲ್ಲಿಸಿ ಫೋಟೋ ತೆಗೆದುಕೊಂಡರು. ಒಂದು ಮಧ್ಯಾಹ್ನ ಯಾರದೋ ಕುರಿಮಂದೆ ನುಗ್ಗಿ ಅರ್ಧ ಮೇಯ್ದು ಹೋಯಿತು. ಕುರಿಯವನಿಗೆ ಹೇಳಲು ಅಕ್ಕ ಓಡಿಹೋದಳು. "ವಿಷ ಐತೆ" ಎಂದರೆ ಅವನು, "ಒಂದು ಹಿಡಿ ಮೇಯ್ದಿದ್ದಕ್ಕೆ ಹಿಂಗೆಲ್ಲಾ ಅಂತಾರಾ ಅಕ್ಕಾ" ಎಂದು ಬೇಜಾರು ಮಾಡಿಕೊಂಡ. ಕೆರೆಯ ಕೆಳಗಿನ ಉಳಿದ ರೈತರು ಭಾವನನ್ನು ಕರೆದು, ಈ ಮಾತು ಸಂತೆಗೆ ಹೋದರೆ ಊರಿನ ಒಂದು ಕಟ್ಟು ಸೊಪ್ಪೂ ಯಾರೂ ಮುಟ್ಟುವುದಿಲ್ಲ, ಬಾಯಿ ಮುಚ್ಚಿಕೊಂಡಿರಿ ಎಂದರು. ಅವರದು ತೂಬಿನ ಮಣ್ಣು, ಅವರ ಮಾತಿನಲ್ಲಿ ನ್ಯಾಯವಿತ್ತು. ಕಾಲುವೆಯ ಬಾಯಿಯ ವಿಷಯವಾಗಿ ನಾನು ಸಂಬಂಧಪಟ್ಟವರಿಗೆ ಬರೆದ ಪತ್ರಕ್ಕೆ ಪತ್ರ ತಲುಪಿದೆ ಎಂಬ ಪತ್ರ ಬಂತು.

ಸಾಸಿವೆಯ ಮಿಕ್ಕ ಅರ್ಧವನ್ನು ಅಕ್ಕ ಕೀಳಲೇ ಇಲ್ಲ. ಈಗ ಆ ತರಿಯಲ್ಲಿ ಅಣ್ಣೆ ಸೊಪ್ಪು, ಗರಿಕೆ, ಏನು ಹುಟ್ಟುತ್ತದೋ ಅದು. ಅದೂ ಹಚ್ಚಗೆ ಹುಟ್ಟುತ್ತದೆ.

ಮಗು ದಿನ ತುಂಬಿಯೇ ಹುಟ್ಟಿತು. ಗಂಡು. ತೂಕ ಚೆನ್ನಾಗಿತ್ತು, ಅತ್ತಿತು, ಹಾಲು ಕುಡಿಯಿತು. ನರ್ಸಮ್ಮ ಗುಂಡುಗುಂಡಗಿದ್ದಾನೆ ಎಂದು ನಮ್ಮ ಕೈಗೆ ಕೊಟ್ಟರು. ಎಲ್ಲರೂ ಅವನ ಮುಖ ನೋಡಿ ನಕ್ಕರು. ನಾನು ಅವನ ಕಣ್ಣಿನ ಮುಂದೆ ಬೆರಳು ಆಡಿಸಿ, ದೃಷ್ಟಿ ಹಿಂಬಾಲಿಸುತ್ತದೆಯೇ ಎಂದು ನೋಡುತ್ತಿದ್ದೆ. ಹುಟ್ಟಿದ ಮೊದಲ ದಿನ ಅಷ್ಟೆಲ್ಲ ಹಿಂಬಾಲಿಸುವುದಿಲ್ಲ ಎಂದು ನರ್ಸಮ್ಮ ಹೇಳಬೇಕಾಯಿತು.

ಬಾಣಂತನಕ್ಕೆ ಅಕ್ಕ ಸೊಪ್ಪನ್ನು ಸಂತೆಯಿಂದ ತಂದಳು. ಹುಟ್ಟಿದಾಗಿನಿಂದ ಸೊಪ್ಪಿಗೆ ದುಡ್ಡು ಕೊಟ್ಟವಳಲ್ಲ. ಒಂದು ದಿನ ನಾನೂ ಜೊತೆಗಿದ್ದೆ. ಗಾಡಿಯವಳನ್ನು, "ಯಾವ ಕೆರೆ ಕೆಳಗಿಂದು ಇದು?" ಎಂದು ಕೇಳಿದಳು. ಗಾಡಿಯವಳು, "ಯಾವ ಕೆರೆದಾದ್ರೇನಮ್ಮ, ಹಸ್ರಗೈತೆ ನೋಡು" ಎಂದಳು. ಅಕ್ಕ ಎಲೆಯನ್ನು ತಿರುಗಿಸಿ ಮುರುಗಿಸಿ ನೋಡಿದಳು. ನೋಡಿದರೆ ಗೊತ್ತಾಗುವುದಿಲ್ಲ ಎಂದು ಅವಳಿಗೆ ಕಲಿಸಿದವನು ಪಕ್ಕದಲ್ಲೇ ನಿಂತಿದ್ದೆ. ಎರಡು ಕಟ್ಟು ತೆಗೆದುಕೊಂಡು ಮನೆಗೆ ಬಂದು, ಐದು ನೀರಿನಲ್ಲಿ ತೊಳೆದಳು.

ಐದನೇ ತಿಂಗಳಿಗೆ ಮಾಲೂರಿನಿಂದ ಕರೆಯಲು ಬಂದರು. ಕಾರಿಗೆ ಸಾಮಾನು ಹಾಕುವಾಗ ಅಕ್ಕನ ಮಗಳು ಮಗುವನ್ನು ಎತ್ತಿಕೊಂಡು ನನ್ನನ್ನು ಹಿತ್ತಲ ಕಡೆ ಕರೆದಳು.

"ಮಾಮ, ಯಾವಾಗ ಗೊತ್ತಾಗುತ್ತೆ?"

"ಮಾತು ಬರೋ ಹೊತ್ತಿಗೆ ಸ್ವಲ್ಪ. ಸ್ಕೂಲಿಗೆ ಹೋದ್ಮೇಲೆ ಸ್ವಲ್ಪ."

"ಆಗ ಖಂಡಿತ ಗೊತ್ತಾಗುತ್ತಾ?"

"ಇಲ್ಲ. ಓದೋದ್ರಲ್ಲಿ ನಿಧಾನ ಅಂದ್ರೆ ಅದು ಇದರಿಂದ ಆಗಿದ್ದೋ, ಅವನು ಇರೋದೇ ಹಂಗೋ, ಹೇಳೋಕಾಗಲ್ಲ."

"ಅಂದ್ರೆ ಆಗಿದ್ರೂ ಗೊತ್ತಾಗಲ್ಲ, ಆಗದಿದ್ರೂ ಗೊತ್ತಾಗಲ್ಲ."

"ಹೌದು ಕಣೇ."

ಅವಳು ಮಗುವಿನ ಟೋಪಿ ಸರಿ ಮಾಡಿದಳು. "ಅಲ್ಲಿ ಯಾರಿಗೂ ಹೇಳಿಲ್ಲ ಮಾಮ, ಇವರಪ್ಪಂಗೂ. ನೀವೂ ಹೇಳ್ಬೇಡಿ. ನಾಳೆ ಮಾತು ಒಂಚೂರು ತಡವಾದ್ರೂ, ನಿಮ್ಮಮ್ಮ ವಿಷ ತಿನ್ನಿಸಿ ಕಳ್ಸಿದ್ಳು ಅಂತ ಬರುತ್ತೆ. ಅಮ್ಮಂಗೆ ತಡ್ಕೊಳ್ಳೋಕಾಗಲ್ಲ."

"ಅಮ್ಮಂದಲ್ಲ, ನಂದು ತಪ್ಪು ಅಂತ ನಾನೇ ಹೇಳ್ತೀನಿ."

"ನೀವು ಹೇಳ್ದೆ ಇದ್ರೆ ಸಾಕು ಮಾಮ."

ಇದನ್ನು ಬರೆಯುವ ಮೊದಲು ಅವಳಿಗೆ ಫೋನ್ ಮಾಡಿ ಕೇಳಿದೆ. ಹೆಸರು ಹಾಕಬೇಡಿ ಎಂದಳು. "ಬರ್ಕೊಳ್ಳಿ, ನಮ್ಮನೇಲಿ ಪುಸ್ತಕ ಓದೋರು ಯಾರಿದ್ದಾರೆ" ಎಂದು ನಕ್ಕಳು. ಹಿಂದೆ ಮಗುವಿನ ಸದ್ದು ಕೇಳುತ್ತಿತ್ತು. ಈಗ ವರ್ಷ ದಾಟಿದೆ. ಏನಾದರೂ ಅನ್ನುತ್ತಾನಾ ಎಂದು ಕೇಳಿದೆ. "ಅ ಅ ಅಂತಾನೆ" ಎಂದಳು. ಅದು ವಯಸ್ಸಿಗೆ ತಕ್ಕದ್ದೋ ಅಲ್ಲವೋ ಎಂದು ಆಮೇಲೆ ನಾನು ಮೂರು ಕಡೆ ಓದಿ ನೋಡಿದೆ. ಎರಡು ಕಡೆ ಸರಿಯಿತ್ತು, ಒಂದು ಕಡೆ ಅಷ್ಟರಲ್ಲಿ ಒಂದೆರಡು ಪದ ಬರಬೇಕು ಎಂದಿತ್ತು. ಅವಳು ನನ್ನನ್ನು ಕೇಳಿರಲಿಲ್ಲ, ನಾನು ಹೇಳಲೂ ಇಲ್ಲ.